‘ಆಗಲ್ಲ’ ಅನ್ನೋದನ್ನೂ ಬರೆದು ಕೊಡಿ: ಪುರಸಭೆ ಮುಖ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯಾಧಿಕಾರಿಗಳೇ, ನಮಸ್ಕಾರ.

ನಿಮ್ಮ ಕಚೇರಿ ಗೇಟು ದಾಟಿ ರಸ್ತೆಯ ಆಚೆ ಬದಿಗೆ ಬಂದರೆ ನನ್ನ ಜೆರಾಕ್ಸ್ ಅಂಗಡಿ. ಜೆರಾಕ್ಸ್, ಲ್ಯಾಮಿನೇಶನ್, ಪಾಸ್‌ಪೋರ್ಟ್ ಸೈಜ್ ಫೋಟೋ, ಆನ್‌ಲೈನ್ ಅರ್ಜಿ. ಬರೆಯೋಕೆ ಬಾರದವರಿಗೆ ಅರ್ಜಿ ಬರೆದೂ ಕೊಡುತ್ತೇನೆ. ನಿಮಗಿಂತ ಮೊದಲಿದ್ದ ಸಾಹೇಬರು ವರ್ಗವಾಗಿ ಹೋದರು. ಅವರಿಗಿಂತ ಮೊದಲಿನವರೂ ಹೋದರು. ನಾನು ಇಲ್ಲೇ ಇದ್ದೇನೆ. ನಿಮ್ಮ ಟೇಬಲ್ ಮೇಲೆ ಬರುವ ಕಡತ ನೀವು ನೋಡುತ್ತೀರಿ. ಟೇಬಲ್ಲಿನ ತನಕ ಬಾರದೆ, ಕೌಂಟರಿನಿಂದಲೇ ತಿರುಗಿ ಹೋಗುವ ಅರ್ಜಿಗಳನ್ನು ನೋಡುವವನು ನಾನು. ಅವುಗಳ ಬಗ್ಗೆಯೇ ಈ ಪತ್ರ.

ಲಂಚದ ಬಗ್ಗೆ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ಅದಕ್ಕೆ ಲೋಕಾಯುಕ್ತ ಇದೆ, ಅದು ಬೇರೆ ಕಥೆ. ಇನ್ನೊಂದು ವಿಷಯ ನೀವು ಹೇಳುವ ಮೊದಲೇ ನಾನೇ ಹೇಳಿಬಿಡುತ್ತೇನೆ: ನಿಮ್ಮ ಕಚೇರಿಯ ಗೊಂದಲದಿಂದ ನನಗೆ ಲಾಭ ಇದೆ. ಒಬ್ಬರನ್ನು ನಾಲ್ಕು ಸಲ ವಾಪಸ್ ಕಳಿಸಿದರೆ ನಾಲ್ಕು ಸಲ ಜೆರಾಕ್ಸ್ ಆಗುತ್ತದೆ. ಅಷ್ಟಾದರೂ ಬರೆಯುತ್ತಿದ್ದೇನೆ. ಯಾಕೆಂದರೆ ವಾಪಸ್ ಬಂದವರ ಸಿಟ್ಟೆಲ್ಲ ನನ್ನ ಮೇಲೆ. ಒಳಗೆ ಬೈಯೋಕೆ ಭಯ, ಹೊರಗೆ ನಾನಿದ್ದೇನಲ್ಲ!

ನನ್ನ ಬೇಡಿಕೆ ಒಂದೇ. ಅರ್ಜಿ ತೆಗೆದುಕೊಳ್ಳೋಕೆ ಆಗದಿದ್ದರೆ, ಯಾಕೆ ಆಗಲ್ಲ ಅಂತ ಒಂದು ಹಿಂಬರಹ ಕೊಡಿಸಿ. ಏನೇನು ಕಡಿಮೆ ಇದೆಯೋ ಅಷ್ಟನ್ನೂ ಒಂದೇ ಸಲ, ಒಂದೇ ಚೀಟಿಯಲ್ಲಿ ಬರೆದು, ಸಹಿ ಹಾಕಿ.

ಇದೇನು ದೊಡ್ಡ ವಿಷಯ ಅಂತ ನಿಮಗೆ ಅನಿಸಬಹುದು. ಒಂದು ಉದಾಹರಣೆ ಕೊಡುತ್ತೇನೆ. ಮೇ ತಿಂಗಳು ಬಂದರೆ ಶಾಲೆ ಅಡ್ಮಿಷನ್ ಶುರು. ಆಗ ಬರುವವರಲ್ಲಿ ತುಂಬಾ ಜನರ ಕಷ್ಟ ಒಂದೇ. ಜನನ ಪ್ರಮಾಣಪತ್ರ ಇರುತ್ತದೆ, ಮಗುವಿನ ಹೆಸರು ಇರಬೇಕಾದ ಜಾಗ ಖಾಲಿ ಇರುತ್ತದೆ. ಹುಟ್ಟಿದಾಗ ಹೆಸರಿಟ್ಟಿರುವುದಿಲ್ಲ, ಆಸ್ಪತ್ರೆಯವರು ಗಂಡು ಅಂತಲೋ ಹೆಣ್ಣು ಅಂತಲೋ ಬರೆದು ಕಳಿಸಿರುತ್ತಾರೆ. ಆಮೇಲೆ ನಾಮಕರಣ ಆಯಿತು, ಪುರಸಭೆಗೆ ಹೇಳಬೇಕು ಅಂತ ಯಾರಿಗೂ ನೆನಪಾಗಲಿಲ್ಲ. ಕಾನೂನು ಇದಕ್ಕೆ ದಾರಿ ಇಟ್ಟಿದೆ. 12 ತಿಂಗಳ ಒಳಗಾದರೆ ಉಚಿತವಾಗಿ ಹೆಸರು ಸೇರಿಸಬಹುದು. ಆಮೇಲೆ 15 ವರ್ಷದ ತನಕ ಶುಲ್ಕ ಕಟ್ಟಿ ಸೇರಿಸಬಹುದು. ಹೊಸ ಪ್ರಮಾಣಪತ್ರಕ್ಕೆ ಕೋರ್ಟು ಕಚೇರಿ ಅಲೆಯುವ ಕೆಲಸವೇ ಇಲ್ಲ.

ಈ ಕೆಲಸಕ್ಕೇ ಹೂವು ಮಾರುವ ಒಬ್ಬ ತಾಯಿ ಬಂದಿದ್ದರು. ಮೊದಲ ದಿನ ಕೌಂಟರಿನಲ್ಲಿ ‘ಶಾಲೆಯಿಂದ ಪತ್ರ ತನ್ನಿ’ ಅಂದರು. ತಂದರು. ‘ತಂದೆ ಆಧಾರ್ ಎಲ್ಲಿ?’ ಅಂದರು. ಗಂಡ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದ, ಅವನು ವಾಟ್ಸಾಪಿನಲ್ಲಿ ಕಳಿಸಿದ್ದನ್ನು ನಾನೇ ಪ್ರಿಂಟ್ ಹಾಕಿಕೊಟ್ಟೆ. ಅದನ್ನು ನೋಡಿ, ‘ಆಧಾರ್‌ನಲ್ಲಿ ಇನಿಷಿಯಲ್ ಇದೆ, ನಮ್ಮ ರಿಜಿಸ್ಟರ್‌ನಲ್ಲಿ ಇಲ್ಲ, ಅಫಿಡವಿಟ್ ಮಾಡಿಸಿ’ ಅಂದರು. ಮೂರೂ ಮಾತು ಹೇಳಿದ್ದು ಒಂದೇ ಕೌಂಟರಿನವರು. ಆ ಮೂರರಲ್ಲಿ ಯಾವುದೂ ಅನ್ಯಾಯದ ಮಾತು ಅಂತ ನಾನು ಹೇಳುತ್ತಿಲ್ಲ. ಮೂರನ್ನೂ ಮೊದಲ ದಿನವೇ ಹೇಳಬಹುದಿತ್ತು, ಅಷ್ಟೇ. ಒಂದು ಬೆಳಗ್ಗೆ ಪುರಸಭೆಯಲ್ಲಿ ಕಳೆದರೆ ಆಕೆಗೆ ಆ ದಿನದ ಹೂವು ಬಾಡಿದ ಹಾಗೇ ಲೆಕ್ಕ. ಕೊನೆಗೆ ಆಕೆ ಕೇಳಿದ್ದು, ‘ಅಣ್ಣಾ, ಇವರು ಒಂದೇ ಸಲ ಎಲ್ಲ ಹೇಳಿದರೆ ಇವರ ಗಂಟು ಏನು ಹೋಗುತ್ತೆ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಹತ್ತಿರ ಇರಬಹುದು.

ಈಗ ಕಾನೂನಿನ ಕಡೆ ಬರೋಣ. 1969ರ ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಆಯಿತು, ಆ ವರ್ಷ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಆ ದಿನದಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನ, ಊರು ತೋರಿಸೋಕೆ ಈ ಪ್ರಮಾಣಪತ್ರವೇ ಆಧಾರ. ಶಾಲೆಗೆ ಅದೇ, ಮತದಾರರ ಪಟ್ಟಿಗೆ ಅದೇ, ಡ್ರೈವಿಂಗ್ ಲೈಸೆನ್ಸಿಗೆ, ಪಾಸ್‌ಪೋರ್ಟಿಗೆ, ಮದುವೆ ನೋಂದಣಿಗೆ ಅದೇ. ಮೊದಲಾದರೆ ಶಾಲೆಯ ಟಿಸಿ ತೋರಿಸಿ ಹೇಗೋ ದಾಟಿಬಿಡುತ್ತಿದ್ದರು. ಈ ಮಕ್ಕಳಿಗೆ ಆ ದಾರಿ ಇಲ್ಲ. ಅಂದರೆ ನಿಮ್ಮ ಕೌಂಟರಿನಲ್ಲಿ ಆಗುವ ಒಂದು ಅಕ್ಷರದ ತಪ್ಪು ಮುಂದೆ ಹದಿನೆಂಟು, ಇಪ್ಪತ್ತು ವರ್ಷ ಆ ಮಗುವಿನ ಹಿಂದೆ ಬರುತ್ತದೆ.

ಅದೇ ತಿದ್ದುಪಡಿಯಲ್ಲಿ ಜನರಿಗೆ ಅನುಕೂಲವಾಗುವ ಮಾತುಗಳೂ ಇವೆ, ಅವು ನಿಮ್ಮ ಕೌಂಟರಿನ ತನಕ ಬಂದು ತಲುಪಿಲ್ಲ ಅನಿಸುತ್ತದೆ. ನೋಂದಣಿ ಆದಮೇಲೆ 7 ದಿನದೊಳಗೆ, ಮಾಹಿತಿ ಕೊಟ್ಟವರಿಗೆ ಪ್ರಮಾಣಪತ್ರ ಉಚಿತವಾಗಿ ಕೊಡಬೇಕು. ಹುಟ್ಟು, ಸಾವು ತಿಳಿಸೋಕೆ 21 ದಿನ ಸಮಯ. ಅದು ದಾಟಿ 30 ದಿನದೊಳಗೆ ಬಂದರೆ ತಡ ಶುಲ್ಕ ಕಟ್ಟಿದರೆ ಸಾಕು. 30 ದಿನ ದಾಟಿ ಒಂದು ವರ್ಷದ ಒಳಗೆ ಬಂದರೆ ಮೇಲಿನವರ ಅನುಮತಿ ಬೇಕು. ಇಲ್ಲಿ ಮೊದಲು ನೋಟರಿ ಅಫಿಡವಿಟ್ ಕೇಳುತ್ತಿದ್ದರು. ತಿದ್ದುಪಡಿ ಅದನ್ನು ತೆಗೆದು, ಸ್ವಯಂ ದೃಢೀಕರಿಸಿದ ದಾಖಲೆ ಸಾಕು ಅಂದಿದೆ. ಆದರೂ ನನ್ನ ಅಂಗಡಿಗೆ ಛಾಪಾ ಕಾಗದ ಕೇಳಿಕೊಂಡು ಜನ ಬರುವುದು ನಿಂತಿಲ್ಲ. ಯಾರು ಹೇಳಿದರು ಅಂತ ಕೇಳಿದರೆ ‘ಒಳಗೆ ಹೇಳಿದರು’ ಅನ್ನುತ್ತಾರೆ. ಒಳಗೆ ಯಾರು, ಯಾವಾಗ ಅಂತ ಕೇಳಿದರೆ ಗೊತ್ತಿರುವುದಿಲ್ಲ. ಬರೆದು ಕೊಟ್ಟಿದ್ದರೆ ಆ ಮಾತು ಸರಿಯೋ ತಪ್ಪೋ ಅಂತ ನೋಡಬಹುದಿತ್ತು.

ಒಂದು ವರ್ಷ ದಾಟಿದವರದ್ದು ಇನ್ನೂ ಉದ್ದದ ದಾರಿ. ಹಿಂದೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬೇಕಿತ್ತು. ಈಗಿನ ಕಾಯ್ದೆಯಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟರು, ಉಪವಿಭಾಗದ ಮ್ಯಾಜಿಸ್ಟ್ರೇಟರು, ಇಲ್ಲವೇ ಜಿಲ್ಲಾ ಮ್ಯಾಜಿಸ್ಟ್ರೇಟರು ಅಧಿಕಾರ ಕೊಟ್ಟ ಎಕ್ಸಿಕ್ಯುಟಿವ್ ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. ಅಲ್ಲಿಗೆ ಹೋಗಬೇಕಾದರೆ ಮೊದಲು ನಿಮ್ಮ ಕಚೇರಿಯಿಂದ ‘ನಮ್ಮ ರಿಜಿಸ್ಟರ್‌ನಲ್ಲಿ ಇಲ್ಲ’ ಅನ್ನುವ ಲಭ್ಯವಿಲ್ಲದ ಪ್ರಮಾಣಪತ್ರ ಬೇಕು. ಅದಕ್ಕೆ ನಮೂನೆ 10 ಅಂತ ಒಂದು ನಮೂನೆಯೇ ಇದೆ. ನೋಡಿ, ಇಲ್ಲ ಅನ್ನೋದನ್ನು ಬರೆದು ಕೊಡೋಕೆ ಸರ್ಕಾರವೇ ಫಾರಂ ಮಾಡಿದೆ! ಹೀಗಿದ್ದೂ ವಯಸ್ಸಾದವರು ಬಂದು ಕೇಳಿದಾಗ, ‘ಅಷ್ಟು ಹಳೇದು ಸಿಗಲ್ಲ ಯಜಮಾನ್ರೇ’ ಅಂತ ಬಾಯಲ್ಲಿ ಹೇಳಿ ಕಳಿಸುತ್ತಾರೆ. ಯಾವ ವರ್ಷದಿಂದ ಯಾವ ವರ್ಷದ ರಿಜಿಸ್ಟರ್ ನೋಡಿದರು, ನಿಜವಾಗಲೂ ನೋಡಿದರಾ ಅನ್ನೋದು ಯಾರಿಗೂ ಗೊತ್ತಾಗುವುದಿಲ್ಲ. ಹಳೇ ರಿಜಿಸ್ಟರ್ ಹುಡುಕೋದು ಸುಲಭ ಅಲ್ಲ ಅಂತ ನನಗೂ ಗೊತ್ತು. ಅದರಲ್ಲಿ ಬರೆದಿರುವುದು ನೋಂದಣಿ ಆದ ಕ್ರಮದಲ್ಲಿ, ಹೆಸರಿನ ಅಕ್ಷರದ ಕ್ರಮದಲ್ಲಿ ಅಲ್ಲ. ಹಾಳೆ ಮುಟ್ಟಿದರೆ ಪುಡಿಯಾಗುತ್ತದೆ, ಶಾಯಿ ಮಾಸಿರುತ್ತದೆ. ಆದರೆ ಶುಲ್ಕ ಕಟ್ಟಿ ಹುಡುಕಿಸುವ ಹಕ್ಕು ಆ ಯಜಮಾನರಿಗೆ ಕಾಯ್ದೆಯಲ್ಲೇ ಇದೆ.

ತವರಿನ ವಿಷಯ ಇಲ್ಲಿ ಹೇಳಲೇಬೇಕು. ನಮ್ಮ ಕಡೆ ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಹೋಗುತ್ತಾಳೆ, ಅಲ್ವಾ? ಮಗು ಹುಟ್ಟುವುದು ಬೇರೆ ತಾಲೂಕಿನಲ್ಲಿ, ಎಷ್ಟೋ ಸಲ ಬೇರೆ ಜಿಲ್ಲೆಯಲ್ಲಿ. ಕಾಯ್ದೆ ಪ್ರಕಾರ ಎಲ್ಲಿ ಹುಟ್ಟಿತೋ ಅಲ್ಲೇ ನೋಂದಣಿ. ಅಪ್ಪನ ಮನೆ ಎಲ್ಲಿ, ರೇಷನ್ ಕಾರ್ಡ್ ಎಲ್ಲಿ ಅನ್ನೋದು ಲೆಕ್ಕಕ್ಕೆ ಬರುವುದಿಲ್ಲ. ಸಾವಿಗೂ ಹೀಗೇ. ನಮ್ಮೂರಿನವರು ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರೆ, ಮಣ್ಣು ಮಾಡಿದ್ದು ಇಲ್ಲೇ ಆದರೂ, ಮರಣ ಪ್ರಮಾಣಪತ್ರ ಸಿಗುವುದು ಬೆಂಗಳೂರಿನಲ್ಲಿ. ಇದು ಗೊತ್ತಿಲ್ಲದೆ ನಿಮ್ಮ ಕೌಂಟರಿನ ಮುಂದೆ ಗಂಟೆಗಟ್ಟಲೆ ನಿಲ್ಲುವವರನ್ನು ದಿನಾ ನೋಡುತ್ತೇನೆ. ಸರದಿ ಬಂದಾಗ ಒಂದೇ ಮಾತು, ‘ಇಲ್ಲಿ ಬರಲ್ಲ’. ಹಾಗಾದರೆ ಎಲ್ಲಿ ಬರುತ್ತದೆ? ಅದನ್ನು ಹೇಳುವ ವ್ಯವಧಾನ ಎಲ್ಲರಿಗೂ ಇರುವುದಿಲ್ಲ. ಒಂದು ಬೋರ್ಡಿನಲ್ಲಿ ಎರಡು ಸಾಲು ದಪ್ಪ ಅಕ್ಷರದಲ್ಲಿ ಬರೆಸಿ ಗೇಟಿನ ಹತ್ತಿರ ನಿಲ್ಲಿಸಿದರೆ ಅರ್ಧ ಕ್ಯೂ ಕರಗುತ್ತದೆ. ಆದಾಯ, ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿ, ಇಸಿಗೆ (ಆಸ್ತಿಯ ಋಣಭಾರ ಪ್ರಮಾಣಪತ್ರಕ್ಕೆ) ಸಬ್ ರಿಜಿಸ್ಟ್ರಾರ್ ಕಚೇರಿ ಅಂತ ಇನ್ನೆರಡು ಸಾಲು ಸೇರಿಸಿದರೆ ಇನ್ನೂ ಒಳ್ಳೆಯದು.

ಈಗ ಸಕಾಲದ ಮಾತು. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸರ್ಕಾರಿ ಕೆಲಸ ಗೊತ್ತು ಮಾಡಿದ ದಿನದೊಳಗೆ ಆಗಬೇಕು ಅನ್ನುವ ಸಕಾಲ ಕಾಯ್ದೆ 2011ರದ್ದು, ರಾಜ್ಯ ಪೂರ್ತಿ ಜಾರಿಗೆ ಬಂದದ್ದು 2012ರ ಏಪ್ರಿಲ್‌ನಲ್ಲಿ. ಅರ್ಜಿ ತೆಗೆದುಕೊಂಡರೆ 15 ಅಂಕಿಯ ಒಂದು ನಂಬರ್ ಕೊಡಬೇಕು. ಗೊತ್ತು ಮಾಡಿದ ದಿನದೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ತನಕ ಪರಿಹಾರ. ಅರ್ಜಿ ತಿರಸ್ಕರಿಸಿದರೆ ಕಾರಣ ಬರೆದು ತಿಳಿಸಬೇಕು. ಕಾಗದದ ಮೇಲೆ ತುಂಬಾ ಒಳ್ಳೆಯ ಕಾಯ್ದೆ.

ಆದರೆ ಆ ಗಡಿಯಾರ ಓಡೋಕೆ ಶುರುವಾಗುವುದು ನಂಬರ್ ಕೊಟ್ಟಮೇಲೆ. ‘ಇದು ಕಡಿಮೆ ಇದೆ, ತಂದುಕೊಡಿ’ ಅಂತ ಕೌಂಟರಿನಲ್ಲೇ ವಾಪಸ್ ಕಳಿಸಿದರೆ ನಂಬರೇ ಇಲ್ಲ. ನಂಬರ್ ಇಲ್ಲ ಅಂದಮೇಲೆ ತಡವೂ ಇಲ್ಲ, ತಿರಸ್ಕಾರವೂ ಇಲ್ಲ, ಪರಿಹಾರವಂತೂ ಇಲ್ಲವೇ ಇಲ್ಲ. ತಿಂಗಳ ಕೊನೆಯ ವರದಿಯಲ್ಲಿ ಎಲ್ಲ ಅರ್ಜಿಯೂ ಸಮಯಕ್ಕೆ ಸರಿಯಾಗಿ ವಿಲೇವಾರಿ! ಹೂವಿನ ತಾಯಿ ಆ ವರದಿಯಲ್ಲಿ ಎಲ್ಲೂ ಇರುವುದಿಲ್ಲ. ಇದು ಯಾರೋ ಬೇಕಂತ ಮಾಡುವ ಮೋಸ ಅಂತ ನಾನು ಹೇಳುವುದಿಲ್ಲ. ಅರೆಬರೆ ಅರ್ಜಿ ತೆಗೆದುಕೊಂಡರೆ ಸಿಬ್ಬಂದಿ ತಲೆ ಮೇಲೆ ದಿನದ ಲೆಕ್ಕ ಬೀಳುತ್ತದೆ, ಅದಕ್ಕೇ ಅವರು ತೆಗೆದುಕೊಳ್ಳುವುದಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಬಹುಶಃ ಹಾಗೇ ಮಾಡುತ್ತಿದ್ದೆ. ಹಾಗಾಗಿ ಇದನ್ನು ಕೆಳಗಿನವರ ಒಳ್ಳೆಯತನಕ್ಕೆ ಬಿಡಬೇಡಿ, ನೀವೇ ಆದೇಶ ಮಾಡಿ.

ಮೇಲ್ಮನವಿಯ ಕಥೆಯೂ ಇಷ್ಟೇ. ಜನನ ಮರಣ ಕಾಯ್ದೆಯ 2023ರ ತಿದ್ದುಪಡಿಯಲ್ಲಿ, ಜನನ ಮರಣ ರಿಜಿಸ್ಟ್ರಾರರ ಆದೇಶ ಒಪ್ಪಿಗೆ ಆಗದಿದ್ದರೆ 30 ದಿನದೊಳಗೆ ಜಿಲ್ಲಾ ರಿಜಿಸ್ಟ್ರಾರರಿಗೆ ಮೇಲ್ಮನವಿ ಹಾಕಬಹುದು, 90 ದಿನದಲ್ಲಿ ಅವರು ತೀರ್ಮಾನಿಸಬೇಕು ಅಂತ ಇದೆ. ಬಾಯಲ್ಲಿ ಹೇಳಿದ ಮಾತಿನ ಮೇಲೆ ಮೇಲ್ಮನವಿ ಬರೆಯೋಕೆ ಕೂತರೆ ಏನಂತ ಬರೆಯಲಿ? ‘ಒಳಗೆ ಹೇಳಿದರು’ ಅಂತಲೇ?

ಲೈಸೆನ್ಸಿನ ಕಡೆಗೆ ಬರುತ್ತೇನೆ. ಉದ್ದಿಮೆ ಪರವಾನಗಿ ನನಗೂ ಬೇಕು, ಪ್ರತಿ ವರ್ಷ ನಾನೂ ನವೀಕರಣ ಮಾಡಿಸುತ್ತೇನೆ. ಮಾರ್ಚ್ ಕೊನೆಗೆ ಹಳೇದು ಮುಗಿಯುತ್ತದೆ, ಏಪ್ರಿಲ್ ಬಂದರೆ ಅಂಗಡಿಯವರೆಲ್ಲ ನಿಮ್ಮ ವರಾಂಡದಲ್ಲಿ. ಅದೇ ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆಗೆ 5% ರಿಯಾಯಿತಿ ಅಂತ ಮನೆ ಇರುವವರೂ ಅಲ್ಲೇ. ಇನ್ನು ಸ್ವಲ್ಪ ದಿನಕ್ಕೆ ಶಾಲೆ ಅಡ್ಮಿಷನ್‌ನವರು. ವರ್ಷದ ರಶ್ಶೆಲ್ಲ ಈ ಮೂರು ತಿಂಗಳಲ್ಲೇ ಅಂತ ಎಲ್ಲರಿಗೂ ಗೊತ್ತು, ಆದರೂ ಕೌಂಟರ್ ಮಾತ್ರ ಹೆಚ್ಚಾಗುವುದಿಲ್ಲ.

ಹೊಸದಾಗಿ ಅಂಗಡಿ ಹಾಕುವವರ ಪಾಡು ಬೇರೆ. ಬಾಡಿಗೆ ಮಳಿಗೆಯಲ್ಲಿ ಟೀ ಅಂಗಡಿ ಇಡೋಕೆ ಒಬ್ಬ ಹುಡುಗ ಬಂದಿದ್ದ. ಕರಾರು ಪತ್ರ ತಂದ, ಫೋಟೋ ತಂದ. ‘ಕಟ್ಟಡದ ತೆರಿಗೆ ಬಾಕಿ ಇದೆ, ಕಟ್ಟಿದ ರಸೀದಿ ತನ್ನಿ’ ಅಂದರು. ತೆರಿಗೆ ಕಟ್ಟಬೇಕಾದವರು ಮಾಲೀಕರು. ಅವರನ್ನು ಬಾಡಿಗೆದಾರ ಹೋಗಿ ಕೇಳೋಕಾಗುತ್ತದಾ? ಕೇಳಿದರೆ ಅಡ್ವಾನ್ಸ್ ವಾಪಸ್ ತಗೊಂಡು ಹೋಗು ಅಂತಾರೆ. ಬ್ಯಾಂಕಿನವರು ಸಾಲಕ್ಕೆ ಲೈಸೆನ್ಸ್ ಕೇಳುತ್ತಾರೆ, ಲೈಸೆನ್ಸಿನವರು ಮಾಲೀಕರ ರಸೀದಿ ಕೇಳುತ್ತಾರೆ, ಮಾಲೀಕರು ಫೋನೇ ಎತ್ತುವುದಿಲ್ಲ. ಬಾಕಿ ವಸೂಲಿ ಮಾಡೋಕೆ ಪುರಸಭೆಗೆ ಬಿಲ್ ಕಲೆಕ್ಟರ್ ಇದ್ದಾರೆ, ನೋಟಿಸ್ ಇದೆ, ಕಾಯ್ದೆ ಇದೆ. ಆ ಕೆಲಸವನ್ನು ಟೀ ಅಂಗಡಿ ಹುಡುಗನ ಹೆಗಲಿಗೆ ಹಾಕಿದ್ದು ನನಗಂತೂ ಸರಿ ಕಾಣಲಿಲ್ಲ. ಅವನಿಗೆ ಒಂದು ಹಿಂಬರಹ ಕೊಟ್ಟಿದ್ದರೆ ಅದನ್ನಾದರೂ ಮಾಲೀಕರ ಮುಂದೆ ಹಿಡಿಯುತ್ತಿದ್ದ. ಬರೀ ಕೈಯಲ್ಲಿ ಹೋದವನನ್ನು ಅವರು ನಂಬಲೇ ಇಲ್ಲ. ಸುಮ್ನೆ ನೆಪ ಹೇಳ್ತೀಯಾ ಅಂದರಂತೆ. ಆಹಾರದ ಲೈಸೆನ್ಸ್ ಬೇರೆ, ಕಾರ್ಮಿಕ ಇಲಾಖೆಯ ನೋಂದಣಿ ಬೇರೆ, ಇವು ಪುರಸಭೆಯಲ್ಲಿ ಸಿಗುವುದಿಲ್ಲ ಅಂತಲೂ ಅವನಿಗೆ ಯಾರೂ ಹೇಳಿರಲಿಲ್ಲ.

ಮನೆ, ಸೈಟಿನ ಖಾತೆ ವಿಷಯ ಬರೆಯೋಕೆ ಹೋದರೆ ಈ ಪತ್ರ ಮುಗಿಯುವುದೇ ಇಲ್ಲ. ಇಷ್ಟು ಹೇಳಿ ಬಿಡುತ್ತೇನೆ. 2024ರ ಅಕ್ಟೋಬರ್‌ನಿಂದ ಇ-ಖಾತಾ, ಅಂದರೆ ಕಂಪ್ಯೂಟರಿನಲ್ಲಿ ಮಾಡಿಸಿದ ಖಾತೆ, ಇಲ್ಲದೆ ಆಸ್ತಿ ನೋಂದಣಿ ಆಗಲ್ಲ ಅಂದಮೇಲೆ ಊರಿಗೆ ಊರೇ ಕ್ರಯಪತ್ರ, ಇಸಿ, ಕಂದಾಯ ರಸೀದಿ, ಕರೆಂಟ್ ಬಿಲ್ ಹಿಡಿದುಕೊಂಡು ಬಂತು. ಅಪ್ಪನ ಹೆಸರಿನಲ್ಲೇ ಉಳಿದಿರುವ ಮನೆ, ಕ್ರಯಪತ್ರದಲ್ಲಿ ಒಂದು ಚೆಕ್ಕುಬಂದಿ (ನಾಲ್ಕು ಕಡೆಯ ಗಡಿ), ಜಾಗದಲ್ಲಿ ಇನ್ನೊಂದು, ಅಳತೆಯಲ್ಲಿ ಅರ್ಧ ಅಡಿ ವ್ಯತ್ಯಾಸ. ಇವು ನಿಜವಾದ ತೊಡಕುಗಳು, ಒಂದೇ ದಿನದಲ್ಲಿ ಬಗೆಹರಿಯುವುದಿಲ್ಲ ಅಂತ ಜನರಿಗೂ ಅರ್ಥವಾಗುತ್ತದೆ. ಅವರಿಗೆ ಅರ್ಥವಾಗದಿರುವುದು, ತಮ್ಮ ಕಡತ ಯಾವ ತೊಡಕಿನಿಂದ ನಿಂತಿದೆ ಅನ್ನೋದು. ‘ಸರ್ವರ್ ಇಲ್ಲ’ ಅನ್ನುವ ಉತ್ತರ ಎಲ್ಲದಕ್ಕೂ ಸರಿಹೋಗುತ್ತದೆ. ಇಂಥ ಕಡೆಯೇ ಬ್ರೋಕರ್‌ಗಳು ಹುಟ್ಟುವುದು. ಅವರು ಮಾರುವುದು ಬೇರೇನೂ ಅಲ್ಲ, ‘ನಿಮ್ಮ ಕಡತದಲ್ಲಿ ಇಂಥದ್ದು ಬಾಕಿ ಇದೆ’ ಅನ್ನುವ ಒಂದು ಸುದ್ದಿ. ಆ ಸುದ್ದಿ ನಿಮ್ಮ ಕಚೇರಿಯೇ ಬಿಟ್ಟಿಯಾಗಿ ಕೊಟ್ಟುಬಿಟ್ಟರೆ ಅವರ ಅಂಗಡಿ ಮುಚ್ಚುತ್ತದೆ. ನನ್ನ ಅಂಗಡಿಗೂ ಸ್ವಲ್ಪ ಏಟು ಬೀಳಬಹುದು, ಬೀಳಲಿ.

ನಿಮ್ಮ ಸಿಬ್ಬಂದಿ ಬಗ್ಗೆ ಎರಡು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಒಬ್ಬರೇ ಎರಡು ಮೂರು ಟೇಬಲ್ ನೋಡುತ್ತಾರೆ. ಚುನಾವಣೆ ಬಂದರೆ ಅವರನ್ನೇ ಕರೆಯುತ್ತಾರೆ, ಸಮೀಕ್ಷೆ ಬಂದರೂ ಅವರನ್ನೇ. ಮಧ್ಯಾಹ್ನ ಊಟಕ್ಕೆ ಎದ್ದರೆ ‘ಇವರಿಗೆ ಯಾವಾಗಲೂ ಊಟವೇ’ ಅಂತ ಜನ ಬೈಯುವುದನ್ನು ಕೇಳಿದ್ದೇನೆ, ನನಗೇ ಬೇಜಾರಾಗಿದೆ. ಟಪಾಲು ವಿಭಾಗದ ಒಬ್ಬ ಮೇಡಂ ಇದ್ದಾರೆ. ಅರ್ಜಿ ಪೂರ್ತಿ ಓದಿ, ಏನೇನು ಬೇಕು ಅಂತ ಹಳೇ ಕಾಗದದ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದು ಕೊಡುತ್ತಾರೆ. ಅವರು ಬರೆದ ಚೀಟಿ ಹಿಡಿದು ಬಂದವರಿಗೆ ನನ್ನ ಅಂಗಡಿಯಲ್ಲಿ ಐದು ನಿಮಿಷದ ಕೆಲಸ. ಅವರು ರಜಾ ಹಾಕಿದ ದಿನ ನನಗೆ ಕೂಡಲೇ ಗೊತ್ತಾಗುತ್ತದೆ. ಅವರು ಪೆನ್ಸಿಲ್ಲಿನಲ್ಲಿ ಮಾಡುವುದನ್ನೇ ಇಡೀ ಕಚೇರಿ ಪೆನ್ನಿನಲ್ಲಿ, ಸಹಿ ಸೀಲಿನ ಸಮೇತ ಮಾಡಲಿ ಅಂತ ನಾನು ಕೇಳುತ್ತಿರುವುದು.

ಊರಿನವರೂ ಇದನ್ನು ಓದುತ್ತಿರುತ್ತೀರಿ. ನಿಮಗೂ ಒಂದು ಮಾತು. ಕೌಂಟರಿನಲ್ಲಿ ಜಗಳ ಆಡಬೇಡಿ, ಉಪಯೋಗ ಇಲ್ಲ. ಅರ್ಜಿ ತೆಗೆದುಕೊಂಡರೆ ಸಕಾಲ ನಂಬರ್ ಕೇಳಿ ಪಡೆಯಿರಿ. ತೆಗೆದುಕೊಳ್ಳದಿದ್ದರೆ ಅದೇ ಅರ್ಜಿಯನ್ನು ಟಪಾಲಿಗೆ ಕೊಟ್ಟು, ನಿಮ್ಮ ನಕಲಿನ ಮೇಲೆ ತಾರೀಖಿನ ಸಮೇತ ಸೀಲು ಹಾಕಿಸಿಕೊಳ್ಳಿ. ಆ ಸೀಲಿದ್ದರೆ ಮುಂದೆ ಏನಾಯಿತು ಅಂತ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಬಹುದು, 30 ದಿನದಲ್ಲಿ ಉತ್ತರ ಕೊಡಲೇಬೇಕು. ಇನ್ನೊಂದು, ಇದು ಹೊಸದಾಗಿ ಅಪ್ಪ ಅಮ್ಮ ಆದವರಿಗೆ: ಆಸ್ಪತ್ರೆಯಲ್ಲಿ ಫಾರಂ ತುಂಬುವಾಗ ನಿಮ್ಮ ಹೆಸರನ್ನು ಆಧಾರ್‌ನಲ್ಲಿ ಇರುವ ಹಾಗೇ, ಇನಿಷಿಯಲ್ ಸಮೇತ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ನೀವೇ ನಿಂತು ಬರೆಸಿ. ನರ್ಸಮ್ಮ ಅವಸರದಲ್ಲಿ ಬರೆದದ್ದನ್ನು ಆಮೇಲೆ ತಿದ್ದಿಸೋಕೆ ಬರುವವರೇ ನನ್ನ ಅಂಗಡಿಯಲ್ಲಿ ಜಾಸ್ತಿ.

ಮುಖ್ಯಾಧಿಕಾರಿಗಳೇ, ಚೀಟಿ ಹೇಗಿರಬೇಕು ಅಂತ ಯೋಚಿಸೋಕೆ ಸಮಿತಿ ಬೇಡ. ಅರ್ಧ ಹಾಳೆ ಸಾಕು. ಮೇಲೆ ತಾರೀಖು, ಅರ್ಜಿದಾರರ ಹೆಸರು, ಯಾವ ಕೆಲಸ. ಕೆಳಗೆ, ಆ ಕೆಲಸಕ್ಕೆ ಬೇಕಾಗುವ ದಾಖಲೆಗಳ ಪಟ್ಟಿ ಮೊದಲೇ ಅಚ್ಚಾಗಿರಲಿ, ಇಲ್ಲದಿರುವುದರ ಮುಂದೆ ಟಿಕ್ ಹಾಕಿದರೆ ಆಯಿತು. ಈ ಕಚೇರಿಗೆ ಸೇರಿದ್ದಲ್ಲ ಅಂದರೆ ಎಲ್ಲಿಗೆ ಹೋಗಬೇಕು ಅಂತ ಒಂದು ಸಾಲು. ಕೊನೆಗೆ ಸಿಬ್ಬಂದಿ ಹೆಸರು, ಸಹಿ. ಒಂದು ಪ್ರತಿ ಅವರಿಗೆ, ಕಾರ್ಬನ್ ಪ್ರತಿ ಕಚೇರಿಗೆ. ತಿಂಗಳಿಗೊಮ್ಮೆ ಆ ಕಾರ್ಬನ್ ಪ್ರತಿಗಳನ್ನು ನೀವೇ ತಿರುವಿ ನೋಡಿ. ಯಾವ ದಾಖಲೆಗೆ ಜನ ಹೆಚ್ಚು ಅಲೆಯುತ್ತಿದ್ದಾರೆ, ಯಾವುದನ್ನು ಸುಮ್ಮನೆ ಕೇಳುತ್ತಿದ್ದಾರೆ ಅಂತ ಒಂದೇ ತಿಂಗಳಲ್ಲಿ ತಿಳಿಯುತ್ತದೆ.

ಚೀಟಿಯ ನಮೂನೆಗಳನ್ನು ನಾನೇ ಟೈಪ್ ಮಾಡಿ ಇಟ್ಟಿದ್ದೇನೆ. ಜನನ, ಮರಣಕ್ಕೆ ಒಂದು, ಲೈಸೆನ್ಸಿಗೆ ಒಂದು, ಖಾತೆಗೆ ಒಂದು. ತಪ್ಪಿದ್ದರೆ ತಿದ್ದಿ ಕೊಡಿ. ಮೊದಲ ಸಾವಿರ ಪ್ರತಿ ನನ್ನ ಖರ್ಚಿನಲ್ಲಿ ಹಾಕಿಕೊಡುತ್ತೇನೆ. ಅದಕ್ಕೆ ಟೆಂಡರ್ ಕರೆಯಬೇಕು ಅಂತ ಮಾತ್ರ ಹೇಳಬೇಡಿ. ಹೇಳಿದರೂ ಪರವಾಗಿಲ್ಲ, ಬರೆದು ಕೊಡಿ.

ಇಂತಿ,
ನಿಮ್ಮ ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯವನು